ಕಾಮಗೆರೆಯಲ್ಲಿ ಕಾಲಿಗೆ ರಜೆ

ನಾಳೆ ಇಡೀ ದಿನ ನನ್ನ ಪಾದ ನೆಲ ಮುಟ್ಟುವುದಿಲ್ಲ ಎಂದು ಕಾಮಗೆರೆಯ ನಾದಿನಿಯ ಮನೆ ಜಗುಲಿಯ ಮೇಲೆ ಕುಳಿತು ಘೋಷಿಸಿದೆ. ದೇವೇಂದ್ರನೇ ಬಂದು ಕರೆದರೂ ಮಂಚ ಇಳಿಯುವವನಲ್ಲ, ಐರಾವತವನ್ನೇ ಬಾಗಿಲಿಗೆ ತಂದರೆ ಆ ಮಾತು ಬೇರೆ ಎಂದೂ ಸೇರಿಸಿದೆ. ಐರಾವತ ಬಂದೇಬಿಡುತ್ತದೆ ಎಂದು ನನಗೇನು ಗೊತ್ತಿತ್ತು!

ನಾನು ಯಳಂದೂರಿನಲ್ಲಿ ಪಾತ್ರೆ ಅಂಗಡಿ ಇಟ್ಟವನು. ಮನೆಯಿಂದ ಗಲ್ಲಾಪೆಟ್ಟಿಗೆಗೆ, ಗಲ್ಲಾಪೆಟ್ಟಿಗೆಯಿಂದ ಮನೆಗೆ, ಅದೂ ಸ್ಕೂಟರಿನಲ್ಲಿ. ಇಂಥವನು ಮಾದಪ್ಪನ ಬೆಟ್ಟಕ್ಕೆ ಬರಿಗಾಲಲ್ಲಿ ಹೊರಟದ್ದಕ್ಕೆ ಕಾರಣ ಹೆಂಡತಿ ಸುವರ್ಣಮ್ಮನ ಹರಕೆ. ಹೋದ ಮಳೆಗಾಲದಲ್ಲಿ ನನಗೆ ಡೆಂಗ್ಯೂ ಬಂದು, ಮೈಸೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಕೈಚೆಲ್ಲುವ ಮಾತಾಡಿದ್ದರಂತೆ. ಆಗ ಅವಳು ವರಾಂಡದಲ್ಲಿ ನಿಂತು, "ಇವರನ್ನ ಉಳಿಸ್ಕೊಡು ಮಾದಪ್ಪ. ನಮ್ಮನೆ ಹೊಸ್ಲಿಂದ ನಿನ್ನ ಹೊಸ್ಲುಗಂಟ ಚಕ್ರ ಹತ್ತದೆ ಇಬ್ರೂ ನಡ್ಕಂಡು ಬತ್ತೀವಿ" ಎಂದು ಬೇಡಿಕೊಂಡಳಂತೆ. ನಾನು ಉಳಿದೆ. ಆಸ್ಪತ್ರೆಯ ಬಿಲ್ಲಿನ ಹಿಂದೆಯೇ ಮಾದಪ್ಪನ ಬಿಲ್ಲೂ ಬಂತು, ನೇರವಾಗಿ ನನ್ನ ಕಾಲಿಗೆ.

ಯಳಂದೂರು ಬಿಟ್ಟು ಕೊಳ್ಳೇಗಾಲ ದಾಟಿ ಕಾಮಗೆರೆ ಮುಟ್ಟುವಷ್ಟರಲ್ಲಿ ಅವಳ ಎರಡೂ ಪಾದದ ತುಂಬ ಬೊಬ್ಬೆ. ನನ್ನದರಲ್ಲಿ ಒಂದೇ ಒಂದು. ಆದರೆ ದಾರಿಯುದ್ದ ನರಳಿದವನು ನಾನು. ಹೇಗೂ ಅವಳ ತಂಗಿ ಶೃತಿಯ ಮನೆ ಅಲ್ಲೇ ಇದೆ, ಒಂದು ದಿನ ನಿಂತು ಹೋಗೋಣ ಎಂದು ನಾನೇ ಹೇಳಿದೆ. "ನಿನ್ನ ಕಾಲಿಗೋಸ್ಕರ" ಎಂದೂ ಹೇಳಿದೆ. ಅವಳು ನಂಬಿದಳು, ಪಾಪ.

ಬೆಳಗ್ಗೆ ಅವಳು ಹಿತ್ತಲಲ್ಲಿ ಉಪ್ಪು ಹಾಕಿದ ಬಿಸಿನೀರಿನಲ್ಲಿ ಕಾಲಿಟ್ಟು ಕೂತಿದ್ದಳು. ನಾನು ಪ್ರತಿಜ್ಞೆಯಂತೆ ಜಗುಲಿಯ ಮಂಚದ ಮೇಲಿದ್ದೆ. ಆಗ ಶೃತಿಯ ಗಂಡ, ನನ್ನ ಷಡ್ಡಕ ಗುರುಪ್ರಕಾಶ್, ಹೊಸ ಬೈಕನ್ನು ತಂದು ಮಂಚಕ್ಕೆ ಆನಿಸಿಯೇ ನಿಲ್ಲಿಸಿದ.

"ಕೊಳ್ಳೇಗಾಲುಕ್ಕೆ ಓಯ್ತಾ ಇವ್ನಿ ಭಾವ. ದೋಸೆ ತಿನ್ಕಂಡು ಬರನ, ಬನ್ನಿ."

"ಹರಕೆ ಕಣಪ್ಪ. ಚಕ್ರ ಹತ್ತಂಗಿಲ್ಲ."

"ಇವತ್ತು ನಡೀತಾ ಇಲ್ವಲ್ಲ. ನಡಿಗೇಗೆ ರಜಾ ಅಂದ್ಮೇಲೆ ಅರಕೇಗೂ ರಜಾ ತಾನೆ?"

ಷಡ್ಡಕನ ವಾದ ದುರ್ಬಲವಾಗಿತ್ತು. ಅದಕ್ಕೆ ಬಲ ತುಂಬಿದವನು ನಾನೇ. ಬೆಟ್ಟ ಇರುವುದು ಮುಂದೆ, ಹನೂರಿನ ಆಚೆ. ಕೊಳ್ಳೇಗಾಲ ಇರುವುದು ಅದಕ್ಕೆ ಬೆನ್ನು ಹಾಕಿ. ಬೆಟ್ಟದ ಕಡೆಗೆ ಗಾಡಿಯಲ್ಲಿ ಹೋದರೆ ಅದು ದೇವರಿಗೆ ಮೋಸ. ಬಂದ ದಾರಿಯಲ್ಲೇ ಹಿಂದಕ್ಕೆ ಹೋದರೆ ಯಾರಿಗೆ ಮೋಸ? ಯಾವ ಹೈಕೋರ್ಟಿನಲ್ಲೂ ಈ ಪಾಯಿಂಟು ನಿಲ್ಲುತ್ತದೆ ಎಂದುಕೊಂಡು ಮಂಚದಿಂದ ಸೀದಾ ಸೀಟಿಗೆ ದಾಟಿಕೊಂಡೆ. ಪಾದ ನೆಲ ಮುಟ್ಟಲಿಲ್ಲ. ಪ್ರತಿಜ್ಞೆ ಎಂದರೆ ಪ್ರತಿಜ್ಞೆ.

ಕೊಳ್ಳೇಗಾಲದಲ್ಲಿ ಮಸಾಲೆ ದೋಸೆ ತಿಂದೆ. ಚೆನ್ನಾಗಿತ್ತು, ಇನ್ನೊಂದು ತಿಂದೆ. ಸುವರ್ಣಮ್ಮನಿಗೆ ಎಂದು ಒಂದು ಪಾರ್ಸಲ್ಲನ್ನೂ ಕಟ್ಟಿಸಿಕೊಂಡು ಹೊರಗೆ ಬಂದೆ. ಗುರುಪ್ರಕಾಶ್ ಬೈಕು ತಿರುಗಿಸಿದ. ಬೈಕಿನ ಮೂತಿ ಈಗ ಸರಿಯಾಗಿ ಬೆಟ್ಟದ ಕಡೆಗಿತ್ತು!

"ಹತ್ತಿ ಭಾವ."

"ಹತ್ತಂಗಿಲ್ಲ ಕಣಪ್ಪ. ಈಗ ಹತ್ತಿದ್ರೆ ಮೋಸ ಆಯ್ತದೆ."

"ಬರೋವಾಗ ಇಲ್ದೆ ಇದ್ದ ಮೋಸ ಈಗೆಲ್ಲಿಂದ ಬತ್ತು?"

ಎಷ್ಟು ಹೇಳಿದರೂ ಅವನ ತಲೆಗೆ ಹೋಗಲಿಲ್ಲ. ಕೊನೆಗೆ, "ಬಿಸ್ಲು ನೆತ್ತಿಗೆ ಬತ್ತಾ ಅದೆ, ನಿಮ್ಮಿಷ್ಟ" ಎಂದು ಗಾಡಿ ಬಿಟ್ಟ. ನಿನ್ನೆ ನರಳಿಕೊಂಡು ನಡೆದ ಅದೇ ಟಾರು ರಸ್ತೆಯಲ್ಲಿ ರಜೆಯ ದಿನ ಮತ್ತೆ ಬರಿಗಾಲಲ್ಲಿ ಹೊರಟೆ. ನನ್ನ ಒಂಟಿ ಬೊಬ್ಬೆ ಒಡೆಯಿತು. ಒಡೆದ ಜಾಗದಲ್ಲಿ ಕಲ್ಲು ಚುಚ್ಚಿತು. ಎರಡು ದೋಸೆಯೂ ಹೊಟ್ಟೆಯೊಳಗೆ ನನ್ನ ಜೊತೆ ಹೆಜ್ಜೆ ಹಾಕುತ್ತಿದ್ದವು. ಆದರೂ ಎದೆ ಉಬ್ಬಿಸಿಯೇ ನಡೆದೆ. ನನ್ನಂಥ ಪ್ರಾಮಾಣಿಕ ಭಕ್ತ ಮಾದಪ್ಪನಿಗೆ ಬೇರೆ ಸಿಗಲಾರ ಎಂದು ನನಗೆ ನಾನೇ ಹೇಳಿಕೊಂಡೆ.

ಮಧುವನಹಳ್ಳಿ ದಾಟಿ ಇನ್ನೊಂದಿಷ್ಟು ದೂರ ಹೋಗಿರಬೇಕು. ಎದುರಿಗೆ ಒಬ್ಬ ಹೆಂಗಸು ಹೆಗಲಿಗೆ ಚೀಲ ಹಾಕಿಕೊಂಡು, ಪಾದದ ಅಂಚಿನ ಮೇಲೆ ಕುಂಟುತ್ತ ಬರುತ್ತಿದ್ದಳು. ಅವಳ ಹಿಂದೆಯೇ ಒಂದು ಬೈಕು ಆಮೆಯಂತೆ ಬರುತ್ತಿತ್ತು. ಬೈಕಿನ ಮೇಲೆ ಗುರುಪ್ರಕಾಶ್. ಹೆಂಗಸು ನನ್ನ ಹೆಂಡತಿ.

"ದೋಸೆ ತಿನ್ನೋ ಫೋಟೋ ಸ್ಟೇಟಸ್ಸಿಗೆ ಆಕ್ಬುಟ್ಟಿದ್ದೆ ಭಾವ" ಎಂದ ಅವನು, ನನ್ನ ಮುಖ ನೋಡದೆ. "ಶೃತಿ ಅಕ್ಕಂಗೆ ತೋರ್ಸ್ಬುಟ್ಟವ್ಳೆ. ಆಗ ಎದ್ದೋರು ನಿಲ್ಲನೇ ಇಲ್ಲ."

"ಎಲ್ಲಿಗೆ ಹೊರಟೆ?" ಎಂದು ಅವಳನ್ನು ಕೇಳಿದೆ.

"ಮನೆಗೆ. ಹೊಸ್ಲಿಂದ ಮತ್ತೆ ಶುರು ಮಾಡಾಕೆ."

ನನ್ನ ಹೈಕೋರ್ಟಿನ ಪಾಯಿಂಟನ್ನು ಅವಳ ಮುಂದೆ ಇಟ್ಟೆ. ಹೋಗುವಾಗ ಬೆಟ್ಟಕ್ಕೆ ಬೆನ್ನು ಹಾಕಿದ್ದೆ, ಬರುವಾಗ ನಡೆದೇ ಬಂದಿದ್ದೇನೆ, ಲೆಕ್ಕ ಚುಕ್ತಾ ಎಂದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ನಾನು ಮಾತು ಕೊಟ್ಟಾಗ ಆ ಕಡೆ ಈ ಕಡೆ ಅಂತ ಹೇಳಿರ್ನಿಲ್ಲ ಕಣ್ರಿ. ಚಕ್ರ ಹತ್ತಲ್ಲ ಅಂದಿದ್ದೆ. ಕೊಟ್ಟಿದ್ನ ವಾಪಸ್ ಕೊಡು ಅಂತ ಅವನು ಕೇಳುದ್ರೆ ನಾನೇನು ಮಾಡ್ಲಿ?"

ಕೊಟ್ಟಿದ್ದು ಎಂದರೆ ನಾನು. ಅದು ಅರ್ಥವಾಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವಳ ಮುಖ ನೋಡುವುದಕ್ಕಾಗಲಿಲ್ಲ, ಕಾಲು ನೋಡಿದೆ. ಅದು ಇನ್ನೂ ತಪ್ಪಾಯಿತು. ಬೆಳಗ್ಗೆ ಬಿಸಿನೀರಿನಲ್ಲಿ ಮೆತ್ತಗಾಗಿದ್ದ ಬೊಬ್ಬೆಗಳೆಲ್ಲ ಒಡೆದು ಪಾದಕ್ಕೆ ಮಣ್ಣು ಮೆತ್ತಿಕೊಂಡಿತ್ತು. ಬೆನ್ನ ಹಿಂದೆ ಬಚ್ಚಿಟ್ಟಿದ್ದ ಪೊಟ್ಟಣವನ್ನು ಮುಂದೆ ಚಾಚಿದೆ. ಅವಳು ಬಿಚ್ಚಿ ನೋಡಿದಳು.

"ನನ್ನ ನೆಪ್ಪೂ ಆಗಿತ್ತಾ" ಎಂದಳು. ಬೈದಿದ್ದರೆ ವಾಸಿಯಿತ್ತು.

"ಹರಕೆ ಹೇಗೂ ಮುರಿದುಹೋಗಿದೆ" ಎಂದೆ ಮೆಲ್ಲಗೆ. "ಯಳಂದೂರಿಗೆ ಬಸ್ಸಲ್ಲಿ ಹೋಗೋಣ. ಅಲ್ಲಿಂದ ನಡೆಯೋಣ. ನಿನ್ನ ಕಾಲು ನೋಡು."

"ಮುರಿದಿರೋದು ನಿಮ್ದು. ನಾನೆಲ್ಲಿ ಚಕ್ರ ಹತ್ತಿದ್ದೀನಿ?"

ನಾನೊಬ್ಬನೇ ಹೋಗಿ ಬರುತ್ತೇನೆ, ನೀನು ತಂಗಿಯ ಮನೆಯಲ್ಲಿರು ಎಂದು ಬೇಡಿಕೊಂಡೆ. "ಇಬ್ರೂ ಅಂತ ಮಾತು ಕೊಟ್ಟಿದ್ದೀನಿ" ಎಂದು ಚೀಲ ಸರಿಮಾಡಿಕೊಂಡಳು. "ನೀವು ಮುಂದೆ ನಡೀರಿ. ನನ್ನ ಕಣ್ಣೆದುರಿಗೇ ಇರ್ಬೇಕು."

ಮುಂದೆ ನಡೆದೆ. ಬೆನ್ನ ಹಿಂದೆ ಅವಳು ಒಂದು ಕಾಲು ಎಳೆದು ಹಾಕುವ ಸದ್ದು ಬಿಡದೆ ಕೇಳುತ್ತಿತ್ತು. ಅಷ್ಟರಲ್ಲಿ ಎದುರಿನಿಂದ ಬೆಟ್ಟಕ್ಕೆ ಹೊರಟಿದ್ದ ಪರಿಸೆಯವರ ಗುಂಪೊಂದು ಬಂತು. ನಮ್ಮ ಬರಿಗಾಲು, ಹಣೆಯ ವಿಭೂತಿ ನೋಡಿ ಒಬ್ಬ ಹಿರಿಯರು ನಿಂತರು.

"ಇದೇನ್ ಸಾ, ಬೆಟ್ಟ ಆ ಕಡೆ ಅದೆ. ನೀವು ಎತ್ಲಾಗೆ ಓಯ್ತಾ ಇದ್ದೀರಿ?"

ಸುವರ್ಣಮ್ಮ ಹಿಂದಿನಿಂದ ಹೇಳಿದಳು:

"ಬೆಟ್ಟಕ್ಕೇ ಕಣಪ್ಪ. ಇವತ್ತು ನಮ್ಮ ಯಜಮಾನ್ರು ರೆಸ್ಟ್ ತಕಂಡವ್ರೆ."