ಮಾದಿಯ ಓಲೆಯ ಹಿಂಬದಿ

ಹೊಸದಾಗಿ ಏನನ್ನಾದರೂ ಕಲಿತ ಮನುಷ್ಯನ ಪಕ್ಕದಲ್ಲಿ ಕೂರುವುದು ಕಷ್ಟ. ಆ ವರ್ಷ ಹಾಗೆ ಕಲಿತವನು ನಾನು. ಹೆಂಡತಿ ಸರಳೆಗೆ ಸರ ಕೊಳ್ಳಲು ನಮ್ಮ ಹತ್ತಿರದ ಪೇಟೆ ಸುಲ್ತಾನ್ ಬತ್ತೇರಿಗೆ ಹೋದಾಗ ಅಂಗಡಿಯವರು ಭೂತಗನ್ನಡಿ ಹಿಡಿದು ಕೊಂಡಿಯ ಮೇಲಿನ ಗುರುತು ತೋರಿಸಿದರು. ತ್ರಿಕೋನದ ಸರ್ಕಾರಿ ಮುದ್ರೆ, ಪಕ್ಕದಲ್ಲಿ 916, ಅಂದರೆ ಸಾವಿರ ಪಾಲಿನಲ್ಲಿ ಒಂಬೈನೂರ ಹದಿನಾರು ಪಾಲು ಅಪ್ಪಟ ಚಿನ್ನ, ನಮ್ಮ ಇಪ್ಪತ್ತೆರಡು ಕ್ಯಾರೆಟ್. ಆಮೇಲೆ ಮಾಡಿದವರ ಗುರುತು. ಸರದ ಜೊತೆಗೆ ನಾನೊಂದು ಪುಟ್ಟ ಭೂತಗನ್ನಡಿಯನ್ನೂ ಕೊಂಡೆ. ಅಲ್ಲಿಂದ ಶುರುವಾಯಿತು. ಒಂದು ಮದುವೆಮನೆಯಲ್ಲಿ ಮದುಮಗಳ ಸೋದರತ್ತೆಯ ಕೈ ಹಿಡಿದು ಬಳೆ ತಿರುಗಿಸಿ ನೋಡಿದೆ. "ಭವಿಷ್ಯ ಹೇಳ್ತೀರಾ?" ಎಂದು ಆಕೆ ಇನ್ನೊಂದು ಕೈಯನ್ನೂ ಚಾಚಿದರು. ಸರಳೆ ಚಿವುಟಿದ ತೊಡೆ ಮೂರು ದಿನ ಉರಿಯಿತು.

ಕಾಡಿನ ಜನ ಭೂಮಿ ಬೇಕೆಂದು ಸರ್ಕಾರಿ ಕಾಡಿನಲ್ಲಿ ಗುಡಿಸಲು ಹಾಕಿ ಕೂತಿದ್ದ ಕಾಲ ಅದು. ನಕ್ಸಲರು ಸೇರಿಕೊಂಡಿದ್ದಾರೆಂಬ ಗುಲ್ಲು ಬೇರೆ. ಒಂದು ಬೆಳಿಗ್ಗೆ ನಮ್ಮೂರು ನೂಲ್ಪುಳದಿಂದ ಹೊರಟ ನಮ್ಮ ಬಸ್ಸನ್ನು ಬತ್ತೇರಿ ಪೇಟೆಯ ಬಾಯಲ್ಲಿ ಪೊಲೀಸರು ನಿಲ್ಲಿಸಿ ಎಲ್ಲರನ್ನೂ ಇಳಿಸಿದರು. ಹದಿನೈದು ವರ್ಷದಿಂದ ನಮ್ಮ ಗದ್ದೆಗೆ ನಾಟಿಗೆ ಬರುತ್ತಿದ್ದ, ಕಾಡಂಚಿನ ಗಿರಿಜನ ಹಾಡಿಯ ಮಾದಿಯೂ ಅದರಲ್ಲಿದ್ದಳು. ಅವಳ ಸೆರಗಿನ ಗಂಟು ಬಿಚ್ಚಿಸಿದರೆ, ಒಂದು ಜೊತೆ ಚಿನ್ನದ ಓಲೆ!

"ಇದ್ ಆರುಡೆಯಾ?" ಯಾರದಿದು ಎಂದು ಪೊಲೀಸಿನವನು ಮಲಯಾಳದಲ್ಲಿ ಗದರಿದ.

"ನನ್ನ ಅವ್ವಂದು ಸಾರೇ. ಕೊಂಡಿ ಮುರ್ದದೆ. ಮಾಡ್ದ ಆಚಾರಿ ಹತ್ರಾನೇ ಕೊಂಡೋಗ್ತಿವ್ನಿ."

ಕೂಲಿಯವಳಿಗೆ ಚಿನ್ನವೇ, ಯಾರ ಮನೆಯಿಂದ ಎತ್ತಿದೆ, ಜೀಪು ಹತ್ತು ಎಂದ ಅವನು. ಆ ದಿನಗಳಲ್ಲಿ ಜೀಪು ಹತ್ತಿದವರು ಯಾವಾಗ ಮನೆಗೆ ಬರುತ್ತಾರೆಂದು ಹೇಳುವಂತಿರಲಿಲ್ಲ. ನನ್ನ ಕೈ ಆಗಲೇ ಭೂತಗನ್ನಡಿಯನ್ನು ಹೊರಗೆ ತೆಗೆದಿತ್ತು. "ಒಂದು ನಿಮಿಷ ಸಾರ್, ನಾನು ನೋಡ್ತೇನೆ" ಎಂದು ಓಲೆ ಇಸಿದುಕೊಂಡೆ. ನೋಡಿದವನು ವಿದ್ಯೆ ತಡೆಯಲಾರದೆ, "ಅರೆ, ಇದರಲ್ಲಿ 916 ಇಲ್ಲ!" ಎಂದುಬಿಟ್ಟೆ.

ಪೊಲೀಸಿನವನು ತನ್ನ ಪರ ಸಾಕ್ಷಿ ಸಿಕ್ಕಿದವನಂತೆ ತಲೆಯಾಡಿಸಿದ. ಮಾದಿ ನನ್ನ ಮುಖವನ್ನೇ ನೋಡಿದಳು. ಬಸ್ಸಿನಡಿಗೆ ನುಸುಳಿಬಿಡೋಣ ಅನ್ನಿಸಿತು ನನಗೆ. ಹಳೆಯ ಒಡವೆಗೆ ಆ ಮುದ್ರೆ ಇರುವುದಿಲ್ಲ, ಅದು ಈಚಿನದು ಎಂದು ತೊದಲುತ್ತಾ ಮತ್ತೆ ಕಣ್ಣಿಟ್ಟೆ. ಹಿಂಬದಿಯಲ್ಲಿ ಎಳ್ಳಿನ ಗಾತ್ರದ ಒಂದು ಕನ್ನಡ ಅಕ್ಷರ: "ನಂ". ಗುಂಡ್ಲುಪೇಟೆ ಕಡೆಯಿಂದ ಬಂದು ಇದೇ ಬೀದಿಯಲ್ಲಿ ಅಂಗಡಿ ಇಟ್ಟಿದ್ದ ಮುದುಕ ನಂಜುಂಡಾಚಾರಿಯ ಗುರುತು. ಕೈಮುಗಿದು ಬೇಡಿಕೊಂಡ ಮೇಲೆ ಪೊಲೀಸಿನವನು ಅಲ್ಲಿಗೆ ಬರಲು ಒಪ್ಪಿದ.

ಆಚಾರಿ ಓಲೆಯನ್ನು ಒರೆಗಲ್ಲಿಗೆ ಉಜ್ಜಿ, ಆಸಿಡ್ ಹನಿಸಿ, ಹಳದಿ ಗೆರೆ ಮಾಸದೆ ಉಳಿದದ್ದನ್ನು ತೋರಿಸಿದರು. "ಒಳ್ಳೇ ಚಿನ್ನ ಸಾರ್. ಇವಳ ಅವ್ವನಿಗೆ ನಾನೇ ಮಾಡಿಕೊಟ್ಟಿದ್ದು. ಮೂರು ವರ್ಷ ಜೇನು ಮಾರಿ ಚೂರು ಚೂರೇ ಚಿನ್ನ ಕೂಡಿಸಿದ್ಲು ಆ ಹೆಂಗಸು."

ಪೊಲೀಸಿನವನು ಹೊರಟುಹೋದ. ಆಚಾರಿ ಕೊಂಡಿ ಬೆಸೆದುಕೊಟ್ಟರು. ಮಾದಿ ಅಲ್ಲೇ ಓಲೆ ತೊಟ್ಟುಕೊಂಡಳು. ಬೀದಿಗಿಳಿದ ಮೇಲೆ ಹೊಗಳಿಕೆಯ ನಿರೀಕ್ಷೆಯಲ್ಲಿ ನಾನು ಬೇಕೆಂದೇ ನಿಧಾನವಾಗಿ ನಡೆದೆ.

"ಅಯ್ಯಾ," ಎಂದಳು ಮಾದಿ, "ಅವ್ವಂದು, ಆಚಾರಿ ಮಾಡಿದ್ದು ಅಂತ ನಾನು ಮೊದ್ಲೇ ಹೇಳಿದ್ನಲ್ಲ?"

ಹೌದು, ಹೇಳಿದ್ದಳು. ಇವಳು ನನಗೆ ಗೊತ್ತು ಸಾರ್, ಸುಳ್ಳು ಹೇಳುವವಳಲ್ಲ ಎನ್ನುವ ಒಂದು ಮಾತು ನನಗೆ ಹೊಳೆದಿರಲೇ ಇಲ್ಲ. ಬಸ್ ಸ್ಟ್ಯಾಂಡು ಬರುವ ತನಕ ಅಂಗಡಿಗಳ ಬೋರ್ಡುಗಳನ್ನು ಒಂದೂ ಬಿಡದಂತೆ ಓದುತ್ತಾ ನಡೆದೆ.