ರಿಪೇರಿಯಲ್ಲ, ಹೊಸ ರೂಮು

ಎಲ್ಲಕ್ಕೂ ಮೂಲ ಗಾರೆ ಮೇಸ್ತ್ರಿಯ ರಸೀತಿಯ ಮೇಲಿದ್ದ ಒಂದು ಪದ: ರಿಪೇರಿ. ಗಡಿಯಾರ ರಿಪೇರಿಯವನಿಗೆ ಮೂವತ್ತು ವರ್ಷ ಅನ್ನ ಹಾಕಿದ ಪದ ಅದು. ಇವತ್ತು ಅದನ್ನು ಕಂಡರೆ ಅವನ ಮೈಯೆಲ್ಲ ಉರಿಯುತ್ತಿತ್ತು.

“ನೀವು ಮನೆ ಮಾರಿದ ಲಾಭದಲ್ಲಿ, ಆ ಮನೆಗೆ ಹೊಸದಾಗಿ ಕಟ್ಟಿದ್ದರ ಖರ್ಚು ಕಳೀಬಹುದು. ರಿಪೇರಿ ಖರ್ಚು ಕಳೆಯೋ ಹಾಗಿಲ್ಲ,” ಎಂದ ತೆರಿಗೆ ಗುಮಾಸ್ತ, ತಲೆಯನ್ನೂ ಎತ್ತದೆ.

“ಹಂಚು ಕಿತ್ತು ತಾರಸಿ ಹಾಕ್ಸಿದೀನಿ! ಮೇಲೊಂದು ರೂಮು ಕಟ್ಸಿದೀನಿ! ಕೈಗಡಿಯಾರ ತಂದವನಿಗೆ ಗೋಡೆ ಗಡಿಯಾರ ಕೊಟ್ರೆ ರಿಪೇರಿ ಅಂತಾರೇನ್ರೀ?”

“ಸಂಜೆಯೊಳಗೆ ಸರಿಯಾದ ರಸೀತಿ ತನ್ನಿ. ಒಬ್ಬ ಸಾಕ್ಷೀನೂ ಬೇಕು.”

ತೆರಿಗೆ ಅಷ್ಟೂ ಕಟ್ಟಬೇಕಾದರೆ, ಹೆಂಡತಿಯ ಮಂಡಿನೋವಿಗೆಂದು ನೋಡಿಟ್ಟಿದ್ದ ಮೆಟ್ಟಿಲಿಲ್ಲದ ಮನೆ ಕೈತಪ್ಪುತ್ತಿತ್ತು. ಅವನು ಹಲ್ಲು ಕಡಿಯುತ್ತ ತನ್ನ ಬೀದಿಯಲ್ಲೇ ಇದ್ದ ಗಾರೆ ಮೇಸ್ತ್ರಿಯ ಮನೆಗೆ ನುಗ್ಗಿದ.

“ಯಾವ ಮೂರ್ಖನಯ್ಯಾ ಇದರಲ್ಲಿ ರಿಪೇರಿ ಅಂತ ಬರೆದೋನು?”

“ಸ್ವಾಮೀ, ಅವತ್ತು ನೀವೇ...”

“ಬಾಯ್ಮುಚ್ಚು! ಹೊಸ ರೂಮು ಅಂತ ಬರಿ! ಸಾಕ್ಷಿ ಬೇರೆ ಹುಡುಕ್ಬೇಕು ನಾನು!”

ಮೇಸ್ತ್ರಿ ತೆಪ್ಪಗೆ ಬರೆದುಕೊಟ್ಟ. ಕೂಗಾಟ ಕೇಳಿ ಬೀದಿಗೆ ಬಂದಿದ್ದ, ಗಡಿಯಾರದವನ ಪಕ್ಕದ ಮನೆಯ ನಿವೃತ್ತ ಹೆಡ್ಮಾಸ್ತರು ಕರೆಯದೆಯೇ ಚಪ್ಪಲಿ ಮೆಟ್ಟಿದರು.

“ಸಾಕ್ಷಿಗೆ ನಾನಿದೀನಿ ನಡೀರಿ. ನಿಮ್ಮ ರೂಮೆದ್ದ ಮೇಲೆ ನನ್ನ ಅಂಗಳಕ್ಕೆ ಬಿಸಿಲೇ ಬಿದ್ದಿಲ್ಲ. ಎಂಟು ವರ್ಷದಿಂದ ಒಗೆದ ಬಟ್ಟೆ ಒಣಗಿಲ್ಲ. ಮರೆಯೋಕಾಗುತ್ತಾ?”

ಕಚೇರಿಯಲ್ಲಿ ಹೆಡ್ಮಾಸ್ತರು ರೂಮಿನ ಉದ್ದ, ಅಗಲ, ಕಿಟಕಿಗಳ ಲೆಕ್ಕವನ್ನೆಲ್ಲ ಪಾಠದಂತೆ ಒಪ್ಪಿಸಿದರು. ಗುಮಾಸ್ತ ಮೊಹರು ಒತ್ತಿದ.

“ನೋಡಿದ್ರಾ? ಸುಮ್ನೆ ಬೆಳಗ್ಗೆಯಿಂದ ಸತಾಯಿಸಿದ್ರಿ!” ಎಂದು ಗಡಿಯಾರದವನು ಮೇಜು ಗುದ್ದಿದ.

ಗುಮಾಸ್ತ ಪಕ್ಕದ ಮೇಜಿನತ್ತ ತಿರುಗಿದ. “ಮೇಡಂ, ಇವರು ಮಾರಿದ ಮನೇಲಿ ಹೊಸ ರೂಮಿದೆಯಂತೆ.”

ಎಲ್ಲ ತೆರಿಗೆಗೂ ಒಂದೇ ಕಚೇರಿಯಿದ್ದ ಆ ಊರಲ್ಲಿ ಅದು ಮನೆ ಕಂದಾಯದ ಮೇಜು. ಮೇಡಂ ಧೂಳು ಕೊಡವಿ ಒಂದು ಹಳೆಯ ಫೈಲು ತೆಗೆದು, ಅದರೊಳಗಿನ ಕಾಗದವನ್ನು ಗಟ್ಟಿಯಾಗಿ ಓದಿದರು: “ನಮ್ಮ ಮನೆಯಲ್ಲಿ ಹೊಸದಾಗಿ ಏನನ್ನೂ ಕಟ್ಟಿಸಿಲ್ಲ. ಬರೀ ರಿಪೇರಿ. ಆದ್ದರಿಂದ ಕಂದಾಯ ಏರಿಸಬಾರದು. ಮೇಸ್ತ್ರಿಯ ರಸೀತಿಯ ನಕಲು ಲಗತ್ತಿಸಿದೆ.”

ಗಡಿಯಾರದವನ ಕೋಪ ಜರ್ರನೆ ಇಳಿಯಿತು. ಎಂಟು ವರ್ಷದ ಬಾಕಿ, ಅದಕ್ಕೆ ಬಡ್ಡಿ, ಸುಳ್ಳು ಹೇಳಿದ್ದಕ್ಕೆ ದಂಡ ಎಂದು ಮೇಡಂ ಕೂಡಿಸುತ್ತ ಹೋದರು. ಈಗಷ್ಟೇ ಉಳಿದಿದ್ದ ತೆರಿಗೆಯ ಹಣ ಪೂರ್ತಿ ಕರಗಿತು. ಮೆಟ್ಟಿಲಿಲ್ಲದ ಮನೆಯೂ ಹೋಯಿತು.

“ಇದನ್ನ ಬರೆದೋರು ಯಾರು?” ಮೇಡಂ ಕೇಳಿದರು.

ಹೆಡ್ಮಾಸ್ತರು ಕನ್ನಡಕ ಏರಿಸಿಕೊಂಡು ಕಾಗದದ ಮೇಲೆ ಬಾಗಿದರು.

“ಇವರದೇ ಅಕ್ಷರ ಮೇಡಂ,” ಎಂದರು ಉತ್ಸಾಹದಿಂದ, “ಸಾಕ್ಷಿಗೆ ನಾನಿದೀನಿ.”