ಪಿಜ್ಜಾ ಊಟವೋ, ತಿಂಡಿಯೋ?

"ನೋಡ್ತಾ ಇರು ಪ್ರಮೀಳಾ, ಬರೋ ಭಾನುವಾರ ಆ ನಾಗಮಂಗಲದೋರಿಗೆ ಊಟ ಆಕಿಸ್ದೆ ಇದ್ರೆ ನಾನು ಚಲುವರಾಜೇ ಅಲ್ಲ!"

ಚಿನಕುರಳಿಯ ಹಾಲಿನ ಡೈರಿಯ ಕಾರ್ಯದರ್ಶಿ ಚಲುವರಾಜು ಈ ಪ್ರತಿಜ್ಞೆಯನ್ನು ಕೈಗೊಂಡಾಗ ಅವರ ಕೈಯಲ್ಲಿ ಬಿಲ್ಲುಬಾಣಗಳಿರಲಿಲ್ಲ, ಹಲ್ಲುಜ್ಜುವ ಬ್ರಷ್ಷಿತ್ತು. ಹೆಂಡತಿ ಪ್ರಮೀಳಾ, "ಮೊದ್ಲು ಬಾಯಿ ಮುಕ್ಕಳಿಸಿ" ಎಂದರು.

ಇವರ ಬಳಗದಲ್ಲಿ ಒಂದು ಪದ್ಧತಿಯಿದೆ. ಹೆಣ್ಣು ನೋಡಲು ಬಂದ ಗಂಡಿನ ಕಡೆಯವರು ಉಪ್ಪಿಟ್ಟು, ಕೇಸರಿಬಾತು, ಕಾಫಿ, ಏನು ಕೊಟ್ಟರೂ ಸೇವಿಸಬಹುದು. ಆದರೆ ಊಟ ಮಾಡುವಂತಿಲ್ಲ. ಹೆಣ್ಣಿನ ಕಡೆಯವರು ಬಡಿಸಿದ ಊಟವನ್ನು ಉಂಡರೆಂದರೆ ಸಂಬಂಧವನ್ನು ಒಪ್ಪಿದರೆಂದೇ ಅರ್ಥ. ಕೈ ತೊಳೆದ ಮೇಲೆ ಹಿಂದೆ ಸರಿಯುವಂತಿಲ್ಲ.

ಕಳೆದ ಮೂರು ತಿಂಗಳಲ್ಲಿ ನಾಗಮಂಗಲದ ಕಡೆಯ ಕೆಂಪಣ್ಣನವರು, ತಮ್ಮ ತಾಯಿ ಮಾಯಮ್ಮ ಮತ್ತು ಮಗ ರವೀಂದ್ರನೊಡನೆ, ಚಲುವರಾಜು ಅವರ ಮಗಳು ರಂಜಿತಳನ್ನು ನೋಡಲು ಮೂರು ಸಲ ಬಂದಿದ್ದರು. ಮೂರು ಸಲವೂ ಉಪ್ಪಿಟ್ಟು ತಿಂದರು. ಮೂರು ಸಲವೂ "ಏಳಿ ಕಳುಸ್ತೀವಿ" ಎಂದು ಹೊರಟರು. ಏನನ್ನೂ ಹೇಳಿ ಕಳಿಸಲಿಲ್ಲ. ಹುಡುಗ ಪಶು ಆಸ್ಪತ್ರೆಯಲ್ಲಿ ನೌಕರ, ಮಾತು ಕಡಿಮೆ. ಪಾಂಡವಪುರದ ಶಾಲೆಯೊಂದರಲ್ಲಿ ಪಾಠ ಹೇಳುವ ರಂಜಿತಳಿಗೆ ಅವನು ಹಿಡಿಸಿದ್ದ. ಹಾಗೆಂದು ಅವಳು ಬಾಯಿಬಿಟ್ಟು ಹೇಳಿರಲಿಲ್ಲ. ಆಮೇಲೆ ಬಂದ ಎರಡು ಜಾತಕಗಳನ್ನು ಬಿಚ್ಚಿಯೂ ನೋಡದೆ ಹಳೆಯ ಪೇಪರಿನ ಕಟ್ಟಿಗೆ ಸೇರಿಸಿದ್ದಳು, ಅಷ್ಟೆ.

ಚಲುವರಾಜು ಅವರ ವ್ಯೂಹರಚನೆ ಹೀಗಿತ್ತು. ಕೆಂಪಣ್ಣನವರು ಭಾನುವಾರ ಗಂಜಾಂಗೆ, ನಿಮಿಷಾಂಬೆಯ ದರ್ಶನಕ್ಕೆ ಬರುತ್ತಾರೆ. ಅಲ್ಲಿ ಇವರು ಆಕಸ್ಮಿಕವಾಗಿ ಸಿಗಬೇಕು. ಸಿಕ್ಕಿದ ಕೂಡಲೇ ಶ್ರೀರಂಗಪಟ್ಟಣದ ಹೆದ್ದಾರಿಯ ಮಗ್ಗುಲಲ್ಲಿ ಹೊಸದಾಗಿ ತೆರೆದಿರುವ ಪಿಜ್ಜಾ ಅಂಗಡಿಗೆ ಕರೆದೊಯ್ಯಬೇಕು.

"ಮೆಸ್ಸಿಗೆ ಕರ್ಕಂಡೋದ್ರೆ ಎಲೆ ಕಂಡೇಟ್ಗೆ ಎದ್ಬುಡ್ತಾರೆ. ಪಿಜ್ಜಾ ಅಂದ್ರೆ ತಿಂಡಿ ಅನ್ಕಂಡು ಕೂರ್ತಾರೆ. ಒಟ್ಟೆ ತುಂಬ ತಿನ್ಸಿ, ಆಮೇಲೆ ಬೋರ್ಡು ತೋರುಸ್ತೀನಿ. 'ಮಧ್ಯಾಹ್ನದ ಊಟ' ಅಂತ ದಪ್ಪಕ್ಷರದಲ್ಲಿ ಬರ್ದವ್ರೆ. ನಾನೇ ಓದ್ಕಂಡು ಬಂದಿವ್ನಿ."

"ಅದ್ರ ಬದ್ಲು ಬಾಯ್ಬುಟ್ಟು ಕೇಳ್ಬಾರ್ದಾ?"

"ಎಣ್ಣೆತ್ತೋರು ಮೇಲ್ಬಿದ್ದು ಕೇಳಕಾಯ್ತದಾ? ನಿಂಗೆ ರಾಜಕಾರಣ ತಿಳಿಯಲ್ಲ, ಸುಮ್ಕಿರು!"

ಭಾನುವಾರ, ಆಕಸ್ಮಿಕವಾಗಿ ಸಿಗುವುದಕ್ಕಾಗಿ ಚಲುವರಾಜು ಬೆಳಿಗ್ಗೆ ಎಂಟಕ್ಕೇ ಹೆಂಡತಿ ಮಗಳೊಡನೆ ಗಂಜಾಂ ಸೇರಿ, ನದಿಯ ಮೆಟ್ಟಿಲ ಮೇಲೆ ನಾಲ್ಕು ಗಂಟೆ ಕಾಲ ಕಾದರು. ಹನ್ನೆರಡಕ್ಕೆ ಕೆಂಪಣ್ಣನವರು ಕಂಡಾಗ, "ಅರೆ, ನೀವಾ!" ಎಂದು ಎಷ್ಟು ಜೋರಾಗಿ ಆಶ್ಚರ್ಯಪಟ್ಟರೆಂದರೆ, ಹೂ ಮಾರುವವಳ ಬುಟ್ಟಿ ಕೈಜಾರಿತು. ಒಂದು ಗಂಟೆಗೆ ಎರಡೂ ಮನೆಯವರು, ಒಟ್ಟು ಆರು ಜನ, ಪಿಜ್ಜಾ ಅಂಗಡಿಯಲ್ಲಿ ಕುಳಿತಿದ್ದರು.

ಅಂಗಡಿಯನ್ನು ನೋಡಿಕೊಳ್ಳುತ್ತಿದ್ದವಳು ಚೈತನ್ಯ ಎಂಬ ಚುರುಕಾದ ಹೆಣ್ಣುಮಗಳು.

"ಯಾವ ಸೈಜು ಸರ್? ಸಣ್ಣದು, ಮಧ್ಯದ್ದು, ದೊಡ್ಡದು ಇದೆ."

"ಇರೋದ್ರಲ್ಲೇ ದೊಡ್ದು. ತಲೆಗೊಂದು."

"ಒಂದನ್ನ ನಾಲ್ಕು ಜನ ತಿನ್ಬಹುದು ಸರ್."

"ನಿಮ್ಮೂರ ನಾಕ್ ಜನ ತಿನ್ಬೋದು. ನೀನು ತತ್ತಾ ಮಗ."

ಅಂಗಡಿಯ ಒಲೆಯಲ್ಲಿ ದೊಡ್ಡ ಪಿಜ್ಜಾ ಒಂದು ಸಲಕ್ಕೆ ಒಂದೇ ಹಿಡಿಯುತ್ತಿತ್ತು. ಮೊದಲನೆಯದು ಬಂದು ಮಾಯಮ್ಮನ ಮುಂದೆ ಹೊಗೆಯಾಡುತ್ತ ಕುಳಿತಿತು. ಯಾರೂ ಮುಟ್ಟಲಿಲ್ಲ. ಪಂಕ್ತಿಯ ಕೊನೆಯವರಿಗೆ ಬಡಿಸಿ ಮುಗಿಯುವ ಮುನ್ನ ಕೈ ಹಾಕುವುದುಂಟೆ! ಎಂಟು ನಿಮಿಷಕ್ಕೆ ಎರಡನೆಯದು ಬಂತು. ಮತ್ತೆಂಟು ನಿಮಿಷಕ್ಕೆ ಮೂರನೆಯದು. ಚೈತನ್ಯ ಪ್ರತಿ ಸಲವೂ, "ಬಿಸಿ ಇದ್ದಾಗ್ಲೇ ತಿನ್ನಿ, ಆರಿದ್ರೆ ಚೆನ್ನಾಗಿರಲ್ಲ" ಎನ್ನುತ್ತಿದ್ದಳು. ಎಲ್ಲರೂ ಪ್ರತಿ ಸಲವೂ ವಿನಯದಿಂದ ತಲೆಯಾಡಿಸುತ್ತಿದ್ದರು. ಆರನೆಯದು ಬರುವ ಹೊತ್ತಿಗೆ ಮೊದಲನೆಯದು ಆರಿ, ಚೀಸು ಬಿಗಿದು, ಮೇಲೆ ಬೆರಳಿಂದ ಬಡಿದರೆ ಸದ್ದು ಬರುವಂತಾಗಿತ್ತು.

ಆಗಲೂ ಯಾರೂ ಮುಟ್ಟಲಿಲ್ಲ. ಬಡಿಸಿ ಮುಗಿದ ಮೇಲೆ ಯಜಮಾನ ಕೈಮುಗಿದು, "ಎಲ್ರೂ ನಿಧಾನಕ್ಕೆ ಊಟ ಮಾಡಿ" ಎನ್ನಬೇಕು. ಅನ್ನದೆ ತುತ್ತೆತ್ತುವಂತಿಲ್ಲ. ಚಲುವರಾಜು ಎದ್ದು ನಿಂತು ಕೈಮುಗಿದರು. "ಎಲ್ರೂ ನಿಧಾನಕ್ಕೆ ಊ..." ಎಂದವರು ಗಕ್ಕನೆ ನಿಂತರು. ಆ ಮಾತನ್ನು ಆಡಿದರೆ ಗುಟ್ಟೆಲ್ಲ ಬಯಲು!

"ತಗಳಿ, ತಗಳಿ" ಎಂದರು.

ಕೆಂಪಣ್ಣನವರು ಕೈಕಟ್ಟಿಕೊಂಡೇ ಕುಳಿತಿದ್ದರು. ಮಾಯಮ್ಮ, "ನೀನೇಳಪ್ಪ, ತಗತೀವಿ" ಎಂದರು.

"ಏಳುದ್ನಲ್ಲವ್ವಾ, ತಗಳಿ ಅಂತ."

"ಅಂಗಲ್ಲ ಕಣಪ್ಪ, ಸರ್ಯಾಗೇಳು."

"ಶುರು ಮಾಡಿ!"

"ಏನ ಶುರು ಮಾಡಾದು?"

ಪ್ರಮೀಳಾ ಕಿಟಕಿಯಾಚೆ ನೋಡುತ್ತ, "ಅದೇನೇಳ್ಬೇಕೋ ಏಳ್ಬುಡಿ" ಎಂದರು. ಚಲುವರಾಜು ಬೆವರಿದರು. ಅಷ್ಟರಲ್ಲಿ ಚೈತನ್ಯ ಬಂದು, ಕಲಿಸಿಕೊಟ್ಟಿದ್ದನ್ನು ನಗುನಗುತ್ತಾ ಒಪ್ಪಿಸಿದಳು: "ಎಂಜಾಯ್ ಯುವರ್ ಮೀಲ್." ಮಾಯಮ್ಮನಿಗೆ ಸಮಾಧಾನವಾಯಿತು. ಯಾವ ಭಾಷೆಯಲ್ಲಾದರೇನು, ಯಾರೋ ಒಬ್ಬರು ಮರ್ಯಾದೆಯಾಗಿ ಹೇಳಿದರಲ್ಲ! ಎಲ್ಲರೂ ಕೈಹಾಕಿದರು.

ಅನುಭವಗಳು ಒಂದೇ ತೆರನಾಗಿರಲಿಲ್ಲ. ಕೆಂಪಣ್ಣನವರು ಒಂದು ತುಂಡನ್ನು ಕಚ್ಚಿ ಎಳೆದರು. ಚೀಸು ಎಳೆಯಾಗಿ ಬಂತು, ಎಷ್ಟೆಳೆದರೂ ಬರುತ್ತಲೇ ಇತ್ತು. "ಇದ್ನ ಟ್ರಾಕ್ಟರ್ ಟ್ಯೂಬಿಗೆ ತ್ಯಾಪೆ ಆಕ್ಬೋದು ಕಣ್ಲಾ" ಎಂದು ಮಗನಿಗೆ ಹೇಳಿದರು. ಹೇಳುತ್ತಲೇ ಐದು ತುಂಡು ಮುಗಿಸಿದರು. ನಾಲ್ಕು ಹಲ್ಲಿನ ಮಾಯಮ್ಮ ನಡುವೆ ಕೊಂಚ ಮೆತ್ತಗೆ ಉಳಿದಿದ್ದ ಭಾಗವನ್ನು ಚಪ್ಪರಿಸಿ, ಅಂಚನ್ನೆಲ್ಲ ತಟ್ಟೆಯ ಸುತ್ತ ಗದ್ದೆಯ ಬದುವಿನಂತೆ ಜೋಡಿಸಿದರು. ಪ್ರಮೀಳಾ ಮೆಣಸಿನಕಾಯಿ ಚೂರಿನ ಪೊಟ್ಟಣಗಳನ್ನು ಒಂದಾದ ಮೇಲೊಂದು ಸುರಿದುಕೊಂಡು, "ಈಗೊಸಿ ಬಾಯಿಗಿಡೋ ಅಂಗಾಯ್ತು" ಎಂದರು. ರವೀಂದ್ರ, ರಂಜಿತ ಇಬ್ಬರೂ ತಲೆ ತಗ್ಗಿಸಿ ತಿನ್ನುತ್ತಿದ್ದರು. ಅವಳ ಲೋಟ ಖಾಲಿಯಾದಾಗಲೆಲ್ಲ ಅವನು ನೀರು ತುಂಬಿಸುತ್ತಿದ್ದ. ಅವಳಿಗೆ ಅಂದು ಬಹಳ ಬಾಯಾರಿಕೆ.

ಕೆಂಪಣ್ಣನವರು ಕೈ ತೊಳೆದು ಬಂದು ಕುಳಿತರು. ಇದೇ ಗಳಿಗೆ! ಚಲುವರಾಜು ಎದ್ದು ನಿಂತರು.

"ಬೀಗ್ರೇ!"

ಕೆಂಪಣ್ಣನವರು ಹಿಂದಕ್ಕೆ ತಿರುಗಿ ನೋಡಿದರು. ಹಿಂದೆ ಯಾರೂ ಇರಲಿಲ್ಲ.

"ನಿಮ್ಗೇ ಏಳ್ತಿರಾದು. ಊಟ ಆಯ್ತಲ್ಲ! ಇನ್ನು ಲಗ್ನ ಕಟ್ಟುಸಾದೊಂದೇ ಬಾಕಿ."

"ಯಾವ ಊಟ? ತಿಂಡಿ ಅಂತ ಕರ್ಕಂಡ್ ಬಂದ್ರಿ?"

"ಬೋರ್ಡ್ ನೋಡಿ ಸ್ವಾಮಿ! ಮಧ್ಯಾಹ್ನದ ಊಟ! ಬಾ ಮಗ ಚೈತನ್ಯ, ನೀನೇ ಏಳವ್ವ, ಇವ್ರು ತಿಂದಿದ್ದು ಏನು?"

ಚೈತನ್ಯ ಬಿಲ್ಲನ್ನು ನೋಡಿ ಪ್ರಾಮಾಣಿಕವಾಗಿ ನುಡಿದಳು: "ಸರ್, ಊಟ ಅನ್ನೋದು ಸೋಮವಾರದಿಂದ ಶುಕ್ರವಾರದವರೆಗೆ ಮಾತ್ರ. ಭಾನುವಾರ ಎಲ್ಲಾ ಸ್ನ್ಯಾಕ್ಸೇ."

ಸಾಕ್ಷಿ ತಿರುಗಿಬಿತ್ತು. ಕೆಂಪಣ್ಣನವರ ಮುಖ ಕೆಂಪಾಯಿತು.

"ನಾವೇನ್ ಇಲಿಗಳಾ, ತಿನ್ನಾಕಿಟ್ಟು ಇಡಿಯಾಕೆ? ಮೋಸ ಮಾಡಿ ಉಡ್ಗಿ ಗಂಟಾಕಾಕೆ ನೋಡ್ತೀರಾ? ಏಳ್ಲಾ ರವೀಂದ್ರ, ಓಗಾನ!"

ರಂಜಿತಳ ಕಣ್ಣು ತುಂಬಿತು. ಅವಳು ಅಪ್ಪನನ್ನು ನೋಡಲಿಲ್ಲ, ತಟ್ಟೆಯನ್ನೇ ನೋಡಿದಳು. ರವೀಂದ್ರ ಏಳಲಿಲ್ಲ. ಆ ದಿನದ ತನ್ನ ಮೊದಲ ಮಾತನ್ನು ಆಡಿದ: "ನೀವೋಗಿ, ನಾನು ಬರಲ್ಲ."

ಮಾಯಮ್ಮ ಮೊಮ್ಮಗನನ್ನು ನೋಡಿದರು, ಹುಡುಗಿಯನ್ನು ನೋಡಿದರು. "ಲೇ ಕೆಂಪ, ಕುತ್ಕಳ್ಲಾ" ಎಂದರು. ಐವತ್ತೆಂಟು ವರ್ಷದ ಕೆಂಪಣ್ಣನವರು ಕುಳಿತರು.

"ಅಲ್ಲ ಕಣ್ ಚಲುವರಾಜು, ಮೂರು ಸರ್ತಿ ನಿಮ್ಮಟ್ಟಿಗೆ ಬಂದೋ. ಒಂದ್ ಸರ್ತಿನಾರ 'ಊಟಕ್ಕೇಳಿ' ಅಂದ್ಯಾ? ಅಂದ್ರೆ ಉಂಬವ ಅಂತ್ಲೇ ಒಟ್ಟೆ ಕಾಯ್ಸ್ಕಂಡು ಬತ್ತಿದ್ದೋ. ನೀನು ಉಪ್ಪಿಟ್ಟು ಕೊಟ್ಟು ಕಳುಸ್ದೆ. ನಿಂಗೇ ಮನಸ್ಸಿಲ್ಲ ಅನ್ಕಂಡು ಸುಮ್ಗಾದೋ."

ಚಲುವರಾಜು ಮತ್ತೆ ಬೋರ್ಡಿನ ಕಡೆ ನೋಡಿದರು. ಉತ್ತರವಿದ್ದದ್ದು ಪ್ರಮೀಳಾ ಅವರ ಬಳಿ.

"ಮೂರು ಸರ್ತಿನೂ ಅಕ್ಕಿ ತೊಳ್ದು ಇಟ್ಟಿದ್ದೆ ಕಣವ್ವ. ಇವ್ರೇ ಬ್ಯಾಡ ಅಂದ್ರು. ಮೊದ್ಲು ಅವ್ರು ಒಪ್ಲಿ, ಆಮೇಲ್ ಒಲೆ ಮೇಲಿಡು ಅಂದ್ರು. ರಾಜಕಾರಣವಂತೆ!"

ಕೆಂಪಣ್ಣನವರು ನಕ್ಕರು. ಮೂರು ತಿಂಗಳ ಹಸಿವು ನೆನೆದು ನಕ್ಕರೋ, ರಾಜಕಾರಣವನ್ನು ನೆನೆದೋ ತಿಳಿಯದು. ಆ ನಗುವಿನ ನಡುವೆಯೇ ಚೈತನ್ಯ ಒಂದು ಫಲಕದಂಥ ದೊಡ್ಡ ಫೋನು ಹಿಡಿದು ಬಂದಳು. ಗಿರಾಕಿಗಳು ತಮ್ಮ ಅನುಭವಕ್ಕೆ ಐದರ ಮೇಲೆ ಎಷ್ಟು ಸ್ಟಾರ್ ಎಂದು ಹೇಳಬೇಕಂತೆ. ಕೆಂಪಣ್ಣನವರು ಮೂರು ಎಂದರು. ತಟ್ಟೆ ತೊಳೆಯುವ ಕೆಲಸವಿಲ್ಲವೆಂದು ಪ್ರಮೀಳಾ ನಾಲ್ಕು ಕೊಟ್ಟರು. ರವೀಂದ್ರ, ರಂಜಿತ ಒಟ್ಟಿಗೇ "ಐದು" ಎಂದು, ಒಟ್ಟಿಗೇ ನಾಚಿದರು.

"ನಿಮ್ಮದೆಷ್ಟು ಅಜ್ಜಿ?"

"ರೊಟ್ಟಿಗೆ ಎರಡಾಕು ಮಗ, ಅಂಚು ಬಲು ಗಟ್ಟಿ. ಉಡ್ಗಿಗೆ ಐದಾಕು. ಉಡ್ಗಿ ಅವ್ವಂಗೂ ಐದಾಕು, ಅಕ್ಕಿ ತೊಳ್ದಿಟ್ಟಿದ್ಲಂತೆ."

ಚಲುವರಾಜು ಆಸೆಯಿಂದ ಕೊರಳು ಚಾಚಿದರು. "ನಂಗವ್ವಾ?"

"ಇವ್ನಿಗೆ ಸೊನ್ನೆ ಆಕು."

"ಸೊನ್ನೆ ಹಾಕಕ್ಕೆ ಬರಲ್ಲ ಅಜ್ಜಿ. ಕಮ್ಮಿ ಅಂದ್ರೂ ಒಂದು ಕೊಡ್ಲೇಬೇಕು."

ಮಾಯಮ್ಮ ಚಲುವರಾಜು ಅವರನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು.

"ಓಗ್ಲಿ, ಒಂದಾಕು. ಬೀಗ ಆಯ್ತಾನೆ, ಅಷ್ಟೂ ಇಲ್ದಿದ್ರೆ ನಮ್ಗೇ ನಾಚ್ಕೆ."